ಎಡಗಡೆ ಸೀಟಿನ ಅಕ್ಕ

ಅಕ್ಕನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೂ ಕೋಲಾರದ ನಮ್ಮ ಬಡಾವಣೆಯಲ್ಲಿ ಯಾರಿಗಾದರೂ ಕಾರು ಕೊಳ್ಳುವ ಯೋಚನೆ ಬಂದರೆ ಮೊದಲು ಹೋಗುತ್ತಿದ್ದದ್ದು ಅವರ ಮನೆಗೆ. ಎಲ್ಲ ಕಾರುಗಳ ವಿಷಯವೂ ಅವರಿಗೆ ಗೊತ್ತಿತ್ತು ಅಂತಲ್ಲ. ಗೊತ್ತಿದ್ದದ್ದು ಒಂದೇ ಕಾರು. ಅದು ಎಷ್ಟು ಸಲ ಮುಖ ಬದಲಿಸಿತು, ಯಾವ ಮಾಡೆಲಿನಲ್ಲಿ ಏನು ಸೇರಿಸಿದರು, ಯಾವುದರಲ್ಲಿ ಸದ್ದಿಲ್ಲದೆ ಏನನ್ನು ಕಿತ್ತರು, ಎಲ್ಲವನ್ನೂ ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದರು. ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ಈಗಲೂ ಆ ಜಾತಿಯ ಕಾರು ಹಿಂದಿನಿಂದ ಬಂದು ನಮ್ಮ ಬಸ್ಸನ್ನು ದಾಟಿದರೆ ನನ್ನ ಕಣ್ಣು ಹೋಗುವುದು ಅದರ ಎಡಗಡೆಯ ಸೀಟಿಗೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನಮ್ಮ ಎದುರು ಸಾಲಿನ ಮನೆಯವರು. ಬೈರಕೂರಿನ ಆಚೆಗಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದರು. ಅವರ ಯಜಮಾನರು ಅದೇ ಹಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ನಾನು ಅಲ್ಲಿ ಕನ್ನಡ ಟೀಚರು. ಬೆಳಿಗ್ಗೆ ಮೂವರೂ ಒಂದೇ ಕಾರಿನಲ್ಲಿ ಹೋಗಿ ಸಂಜೆ ಒಂದೇ ಕಾರಿನಲ್ಲಿ ಬರುತ್ತಿದ್ದೆವು. ಮೇಷ್ಟ್ರು ಸ್ಟೀರಿಂಗಿನ ಮುಂದೆ, ಅಕ್ಕ ಅವರ ಪಕ್ಕ, ನಾನು ಹಿಂದೆ ಟಿಫನ್ ಬ್ಯಾಗುಗಳ ಜೊತೆ. ಮಕ್ಕಳಿಲ್ಲದ ಗಂಡ ಹೆಂಡತಿ. ಆ ಕಾರನ್ನೇ ಮಗುವಿನ ಹಾಗೆ ಸಾಕಿದ್ದಾರೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ನಾನೂ ಒಂದೆರಡು ಸಲ ಆಡಿಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಕಾರಿನ ಹೆಸರು ಇಲ್ಲಿ ಬೇಡ. ನೋಡಿದವರೆಲ್ಲ ಗುರುತು ಹಿಡಿಯುವ ಗಾಡಿ ಅದು. ತೀರ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಮುಂದೆ ಚೂಪು, ಹಿಂದೆ ಉದ್ದನೆಯ ಡಿಕ್ಕಿ. ನೆಲಕ್ಕೆ ತಗ್ಗಾಗಿ ಕೂತಿರುತ್ತದೆ. ನಿಲ್ಲಿಸಿದಾಗಲೂ ಈಗ ಓಡಿಬಿಡುತ್ತೇನೆ ಅನ್ನುವ ಹಾಗೆ ಕಾಣುತ್ತದೆ. ನಮ್ಮ ಕಡೆಯ ರೋಡ್ ಹಂಪುಗಳನ್ನು ಅದು ಹೊಟ್ಟೆ ಉಜ್ಜಿಕೊಂಡೇ ದಾಟಬೇಕು. ಮೇಷ್ಟ್ರು ಕಾಲೇಜು ದಿನಗಳಲ್ಲಿ ವಾಲಿಬಾಲ್ ಆಡಿ ಜಿಲ್ಲೆಗೆ ಹೆಸರು ತಂದವರು. ಅವರ ಮೈಕಟ್ಟಿಗೂ ಆ ಕಾರಿಗೂ ಒಳ್ಳೆ ಜೋಡಿ ಇತ್ತು.

ಅಕ್ಕ ಒಬ್ಬರಲ್ಲ ಇಬ್ಬರು ಎಂದು ನನಗೆ ಮೊದಮೊದಲು ಅನ್ನಿಸುತ್ತಿತ್ತು. ಸ್ಕೂಲಿನಲ್ಲಿ ಅವರಷ್ಟು ನಗುವವರಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಸ್ಟಾಫ್ ರೂಮಿಗೆ ಬಂದು, ಶ್ರೀನಿವಾಸಪುರದ ತಮ್ಮ ತವರಿನ ಮಾವಿನ ತೋಪಿನ ಕತೆಗಳನ್ನು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿ ನಗಿಸಿ ಹೋಗುತ್ತಿದ್ದರು. ಅದೇ ಅಕ್ಕ ಕಾರಿನೊಳಗೆ ಕೂತರೆ ಬೇರೆ ಹೆಂಗಸು. ಸೀಟನ್ನು ಮುಂದಕ್ಕೆ ಎಳೆದುಕೊಂಡು, ಬೆನ್ನು ಒರಗಿಸದೆ, ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕ ಏರಿಸಿ ಕೂತುಬಿಡುತ್ತಿದ್ದರು. ನಾನು ಏನಾದರೂ ಕೇಳಿದರೆ ತಿರುಗುತ್ತಿರಲಿಲ್ಲ. "ಆಮೇಲೆ ಕಣಮ್ಮ" ಅನ್ನುವುದೊಂದೇ ಉತ್ತರ. ಫೋನ್ ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ಹತ್ತಾರು ವರ್ಷ ಅವರ ಹಿಂದೆ ಕೂತು ಹೋಗಿದ್ದೇನೆ, ಒಂದು ದಿನವೂ ಅವರು ತೂಕಡಿಸಿದ್ದನ್ನು ಕಾಣೆ. ಕಾರಿನ ಸೊಕ್ಕು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಮಾತಾಡುತ್ತಿರಲಿಲ್ಲ ಎಂದೆ. ನನ್ನೊಡನೆ ಆಡುತ್ತಿರಲಿಲ್ಲ ಅಷ್ಟೆ. ಗಂಡನೊಡನೆ ಬಾಯಿ ನಿಲ್ಲುತ್ತಿರಲಿಲ್ಲ.

"ಎಡಕ್ಕೆ ಸ್ಕೂಟರು ಐತೆ. ಹಿಂದೆ ಹೆಂಗಸು ಕೂತವ್ಳೆ. ಬಲಕ್ಕೆ ಬಸ್ ನಿಂತೈತೆ, ಜನ ಇಳೀತಾವ್ರೆ. ಈಗ ಖಾಲಿ. ಹೋಗ್ಬೋದು. ಎಡಕ್ಕೆ ಕುರಿ. ಕುರಿಯೋನು ಮರದ ಕೆಳಗೆ ಅವ್ನೆ, ನೋಡ್ತಿಲ್ಲ."

ಹಾಜರಿ ಕೂಗುವ ದನಿ. ಏರಿಲ್ಲ, ಇಳಿತವಿಲ್ಲ. ಮೇಷ್ಟ್ರು "ಹೂಂ, ಹೂಂ" ಎನ್ನುತ್ತ ಓಡಿಸುವರು. ಗಂಡ ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತು ಬುದ್ಧಿ ಹೇಳುವ ಹೆಂಡತಿಯರು ಯಾವ ಮನೆಯಲ್ಲಿಲ್ಲ? ಇದೂ ಹಾಗೆಯೇ, ಸ್ವಲ್ಪ ಹೆಚ್ಚು ಎಂದುಕೊಂಡಿದ್ದೆ. ಒಂದು ಮಾತ್ರ ಗಮನಿಸಿದ್ದೆ. ಅಕ್ಕನ ಕನ್ನಡ ಇದ್ದಕ್ಕಿದ್ದಂತೆ ತೆಲುಗಿಗೆ ಹೊರಳಿತೆಂದರೆ ಮುಂದೆ ಏನೋ ಗಂಡಾಂತರ ಇದೆ ಎಂದೇ ಅರ್ಥ. "ಮೆಲ್ಲಗಾ, ಮೆಲ್ಲಗಾ" ಎಂದು ಅವರ ಬಾಯಿಂದ ಬಂದ ಕೂಡಲೇ ಮೇಷ್ಟ್ರ ಕಾಲು ಬ್ರೇಕಿನ ಮೇಲಿರುತ್ತಿತ್ತು. ಯಾಕೆ ಏನು ಎಂದು ಅವರು ಕೇಳಿದ್ದಿಲ್ಲ.

ಕಾರಿನ ಪುರಾಣವನ್ನು ಅಕ್ಕನ ಬಾಯಲ್ಲೇ ಕೇಳಬೇಕು. ನನ್ನ ತಮ್ಮ ಹಳೆಯ ಗಾಡಿ ಒಂದನ್ನು ಹುಡುಕುತ್ತಿದ್ದಾಗ ಅವನನ್ನು ಕರೆದುಕೊಂಡು ಹೋಗಿದ್ದೆ. ಅಕ್ಕ ಹುರುಳಿಕಾಳು ಆರಿಸುತ್ತ ಜಗಲಿಯ ಮೇಲೆ ಕೂತಿದ್ದರು.

"ಮೊದಲನೇದು ಉದ್ದ ಮೂತಿದು," ಎಂದು ಶುರುಮಾಡಿದರು. "ನಮ್ಮನೇಗೆ ಬಂದಿದ್ದು ಸೆಕೆಂಡ್ ಹ್ಯಾಂಡು, ಮಾಲೂರಿನ ಹೆಂಚಿನ ಕಾರ್ಖಾನೆಯವರದು. ಐದು ಗೇರು, ಪೆಟ್ರೋಲು. ಏರ್‌ಬ್ಯಾಗ್ ಗೀರ್‌ಬ್ಯಾಗ್ ಏನೂ ಇಲ್ಲ. ಆದ್ರೆ ಇಂಜಿನ್ ಇತ್ತಲ್ಲಪ್ಪ, ಈಗಿನ ಯಾವುದರಲ್ಲೂ ಅದು ಇಲ್ಲ. ಮೂರನೇ ಗೇರಲ್ಲಿ ಎಳೆದ್ರೆ ಹಾಡ್ತಿತ್ತು. ಓಡ್ಸೋ ಖುಷಿ ಬೇಕು ಅಂದ್ರೆ ಅದು ತಗೋ. ಆದ್ರೆ ಹೆಡ್‌ಲೈಟ್ ಮಂಕು."

ಹುರುಳಿಯಲ್ಲಿದ್ದ ಕಲ್ಲೊಂದನ್ನು ಎಸೆದು ಮುಂದುವರಿಸಿದರು. ಎರಡನೆಯದು ಬಾಣದ ಮೂತಿಯದು. ಅದಕ್ಕೆ ಎರಡು ಏರ್‌ಬ್ಯಾಗು, ಬ್ರೇಕ್ ಒತ್ತಿದರೆ ಚಕ್ರ ಜಾರದಂಥ ವ್ಯವಸ್ಥೆ, ಮತ್ತೆ ಬೆಳಕು. ಟೊಮೆಟೊ ವ್ಯಾನುಗಳ ಹೆಡ್‌ಲೈಟನ್ನೂ ಮೀರಿಸುವ ಬೆಳಕು. ಮೂರನೆಯದರ ಮುಂಭಾಗಕ್ಕೆ ಹಲ್ಲು ಕಿರಿದ ಹಾಗೆ ಬೆಳ್ಳಿ ಪಟ್ಟಿ. ಗುಂಡಿ ಒತ್ತಿದರೆ ಇಂಜಿನ್ ಶುರು, ಹಿಂದೆ ಕ್ಯಾಮೆರಾ, ಹಿಂದೇನಾದರೂ ಅಡ್ಡ ಬಂದರೆ ಕೂಗುತ್ತದೆ. ನಾಲ್ಕನೆಯದು ಎಲ್ಲದಕ್ಕಿಂತ ಷೋಕಿ. ಕಪ್ಪು ಚಕ್ರ, ಸೀಟಿಗೆ ಕೆಂಪು ಹೊಲಿಗೆ, ಡಿಕ್ಕಿಯ ಮೇಲೆ ಬಾಲ, ಚಾವಣಿಯಲ್ಲಿ ಕಿಟಕಿ, ಕಾಲಲ್ಲಿ ಕ್ಲಚ್ಚೇ ಇಲ್ಲ, ಆರು ಏರ್‌ಬ್ಯಾಗು. ಎಡಗಡೆ ಇಂಡಿಕೇಟರ್ ಹಾಕಿದರೆ ಎಡ ಮಗ್ಗುಲಿನ ರಸ್ತೆ ಪೂರ್ತಿ ಟಿ.ವಿ.ಯಲ್ಲಿ ಬಂದ ಹಾಗೆ ಮುಂದಿನ ಪರದೆಯ ಮೇಲೆ ಕಾಣುತ್ತದೆ.

"ಹೊಸ ಮಾಡೆಲ್ ಬಂದಾಗ ಏನು ಸೇರ್ಸವ್ರೆ ಅಂತ ಎಲ್ಲರೂ ನೋಡ್ತಾರೆ. ನೀನು ಏನು ತೆಗ್ದವ್ರೆ ಅಂತ ನೋಡು," ಎಂದು ನನ್ನ ತಮ್ಮನಿಗೆ ಹೇಳಿದರು. "ನಾಲ್ಕನೇದರಲ್ಲಿ ಸ್ಟೆಪ್ನಿ ಸಣ್ಣದು ಮಾಡಿಬಿಟ್ಟವ್ರೆ ಗೊತ್ತಾ? ಯಾರೂ ಹೇಳಲ್ಲ."

ತಮ್ಮ ಬಾಯಿ ತೆರೆದುಕೊಂಡು ಕೇಳಿದ. ಹೊರಗೆ ಬಂದ ಮೇಲೆ, "ಈ ಯಮ್ಮನ್ನ ಯಾವುದಾದ್ರೂ ಷೋರೂಮಿನೋರು ಕೆಲಸಕ್ಕೆ ತಗೋಬೇಕಿತ್ತು ಕಣೇ" ಎಂದ. ನಾವಿಬ್ಬರೂ ನಕ್ಕೆವು. ಒಂದು ಮಾಡೆಲಿನಿಂದ ಇನ್ನೊಂದಕ್ಕೆ ಅವರು ಯಾಕೆ ಹೋದರು ಎನ್ನುವುದನ್ನು ಅಕ್ಕ ಹೇಳಿರಲಿಲ್ಲ. ನಾವೂ ಕೇಳಲಿಲ್ಲ. ಆಸೆ, ಷೋಕಿ, ಕೈಯಲ್ಲಿ ಎರಡು ಸಂಬಳ. ಬೇರೆ ಕಾರಣ ಇರಬಹುದೆಂದು ಯಾರಿಗೆ ಹೊಳೆಯಬೇಕು?

ಐದನೆಯದನ್ನು ಕೊಳ್ಳಲು ಹೋದಾಗ ನನ್ನನ್ನೂ ಕರೆದಿದ್ದರು. ಮೇಷ್ಟ್ರು ಹೋಗಿ ಸೀದಾ ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಸವರತೊಡಗಿದರು. ಅಕ್ಕ ಮಾತ್ರ ಷೋರೂಮಿನ ಹುಡುಗನನ್ನು ಪಕ್ಕಕ್ಕೆ ಕರೆದು ಪ್ರಶ್ನೆ ಕೇಳತೊಡಗಿದರು. ಗಾಜಿನ ಮೇಲೆ ಒಂದು ಕ್ಯಾಮೆರಾ ಇದೆ, ಮುಂದೆ ಗಾಡಿಯೋ ಮನುಷ್ಯರೋ ಅಡ್ಡ ಬಂದರೆ ಕಾರು ತಾನೇ ಕಿರ್ ಎಂದು ಎಚ್ಚರಿಸುತ್ತದೆ, ನಾವು ಬ್ರೇಕ್ ಹಾಕದಿದ್ದರೆ ತಾನೇ ಹಾಕುತ್ತದೆ, ರಸ್ತೆಯ ಬಿಳಿ ಗೆರೆ ಬಿಟ್ಟು ಹೊರಗೆ ಹೋದರೆ ಸ್ಟೀರಿಂಗ್ ನಡುಗುತ್ತದೆ ಎಂದು ಅವನು ಪಾಠ ಒಪ್ಪಿಸಿದ.

"ಎಡಗಡೆಯಿಂದ ಸೈಕಲ್ ಅಡ್ಡ ಬಂದ್ರೆ ಗೊತ್ತಾಗ್ತದಾ?"

"ಆಗ್ತದೆ ಮೇಡಂ."

"ಕುರಿ?"

"ಅದು... ನೋಡ್ಬೇಕು ಮೇಡಂ."

"ಮಕ್ಕಳು ಎಷ್ಟು ಎತ್ತರ ಇದ್ರೆ ಅದಕ್ಕೆ ಕಾಣ್ತಾರೆ?"

ಹುಡುಗ ನಕ್ಕುಬಿಟ್ಟ. "ಮೇಡಂ, ಇದೆಲ್ಲ ಸಹಾಯಕ್ಕೆ ಅಷ್ಟೆ. ಓಡ್ಸೋದು ಸಾರ್ ತಾನೆ? ಅವ್ರು ನೋಡ್ಕೊಂಡು ಓಡಿಸ್ತಾರೆ ಬಿಡಿ."

ಅಕ್ಕ ನಗಲಿಲ್ಲ. ಬಗ್ಗಿ ಬಾನೆಟ್ಟಿನ ಎತ್ತರಕ್ಕೆ ತಮ್ಮ ಅಂಗೈ ಹಿಡಿದು, ತಮ್ಮ ಒಂದನೇ ಕ್ಲಾಸಿನ ಮಕ್ಕಳನ್ನು ನಿಲ್ಲಿಸಿ ನೋಡುವವರಂತೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.  ಏನು ಅಳೆಯುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

ಆ ಕಾರು ಬಂದ ಮೇಲೆ ಕೆಲವೇ ವಾರಗಳಲ್ಲಿ ಅಕ್ಕನಿಗೆ ಮುಳಬಾಗಿಲಿನಲ್ಲಿ ಒಂದು ದಿನದ ತರಬೇತಿ ಬಿತ್ತು. ಬೆಳಿಗ್ಗೆ ಅವರನ್ನು ಅಲ್ಲಿ ಇಳಿಸಿದೆವು. ಇಳಿಯುವಾಗ ನನ್ನನ್ನು ಮುಂದಿನ ಸೀಟಿಗೆ ಕೂರಿಸಿ, ಕಿಟಕಿಯ ಹತ್ತಿರ ಬಗ್ಗಿ, "ಸುಮ್ನೆ ಕೂರಬೇಡ ಕಣಮ್ಮ. ಅವರಿಗೆ ಮಾತು ಬೇಕು. ರೋಡ್ ನೋಡ್ಕೊಂಡು ಏನಾದ್ರೂ ಹೇಳ್ತಿರು" ಎಂದರು. ಬೇಜಾರು ಕಳೆಯಲಿಕ್ಕೆ ಎಂದುಕೊಂಡು ನಾನು ತಲೆಯಾಡಿಸಿದೆ. ಮುಳಬಾಗಿಲು ದಾಟಿ ಬೈರಕೂರಿನ ರಸ್ತೆಗೆ ಹೊರಳಿದ ಮೇಲೆ ಒಂದಷ್ಟು ದೂರ ಮಾತಾಡಿದೆ. ಆಮೇಲೆ ಯಾವುದೋ ಮೆಸೇಜು ಬಂತು, ಫೋನ್ ನೋಡುತ್ತ ಕೂತೆ. ಎರಡೂ ಬದಿಗೆ ಮಾವಿನ ತೋಪು, ಬೆಳಗಿನ ಒಳ್ಳೆ ಬಿಸಿಲು. ರಸ್ತೆ ಖಾಲಿ ಇತ್ತು.

ಕಾರು ಕಿರ್ರೆಂದು ಕೂಗಿ, ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ನಿಂತುಬಿಟ್ಟಿತು. ನನ್ನ ಫೋನ್ ಕೆಳಗೆ ಬಿತ್ತು. ತಲೆ ಎತ್ತಿ ನೋಡಿದರೆ ಬಾನೆಟ್ಟಿಗೆ ಕೈ ಎಟುಕುವಷ್ಟು ಹತ್ತಿರದಲ್ಲಿ ಒಬ್ಬಳು ಹುಡುಗಿ ನಿಂತಿದ್ದಾಳೆ. ಯೂನಿಫಾರಂ ಹಾಕಿದ, ಹೆಗಲಿಗೆ ಬ್ಯಾಗು ತೂಗುಹಾಕಿಕೊಂಡ ಹುಡುಗಿ. ಎಡಗಡೆಯ ತೋಪಿನಿಂದ ರಸ್ತೆಗೆ ಬಂದವಳು. ಅವಳ ಕಣ್ಣು ನಮ್ಮ ಮೇಲೆ ನೆಟ್ಟಿತ್ತು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಯಾಕೆ ನಿಂತೋಯ್ತು?" ಎಂದರು.

ನಾನು ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ.

"ಮುಂದೆ ಏನೈತೆ ಮೇಡಂ?"

"ಹುಡುಗಿ ಇದ್ದಾಳೆ ಸಾರ್."

ಅವರು ಮುಂದೆ ನೋಡಿದರು. ಕತ್ತನ್ನು ನಿಧಾನವಾಗಿ ಬಲದಿಂದ ಎಡಕ್ಕೆ ತಿರುಗಿಸುತ್ತ, ಕೈ ತಪ್ಪಿದ ನಾಣ್ಯ ಹುಡುಕುವವರ ಹಾಗೆ ಹುಡುಕಿದರು. ಹುಡುಗಿ ಸಿಕ್ಕಿದಳು. ಅವಳು ಅಷ್ಟರಲ್ಲಿ ಓಡಿ ಆಚೆ ದಡ ಸೇರಿದಳು, ಅವರ ಕಣ್ಣು ಮಾತ್ರ ಅವಳು ಬಿಟ್ಟುಹೋದ ಜಾಗದಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಗಾಡಿಯನ್ನು ಮತ್ತೆ ಎಬ್ಬಿಸಿ, ತುಂಬ ಮೆತ್ತಗೆ ಹೇಳಿದರು:

"ಮಾತಾಡ್ತಾ ಇರಿ ಮೇಡಂ. ಸುಮ್ನಾಗ್ಬೇಡಿ."

ಹೆದರಿಕೆ ಎಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಎಷ್ಟು ವರ್ಷ ಈ ಮನುಷ್ಯನ ಹಿಂದೆ ಕೂತು ಪೇಪರು ತಿದ್ದುತ್ತ, ಹೂ ಕಟ್ಟುತ್ತ, ನಿದ್ದೆ ಮಾಡುತ್ತ ಬಂದಿದ್ದೇನೆ. ನಿಲ್ಲಿಸಿ ಎಂದೆ. ಅವರು ನಿಲ್ಲಿಸಿದರು. ಕೆಳಗಿಳಿದು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ, "ನೀನು ಹತ್ತು. ಎಡಕ್ಕೆ ಬಲಕ್ಕೆ ನೋಡಿ ಹೇಳ್ತಾ ಹೋಗು, ಅವರು ಓಡಿಸ್ತಾರೆ. ಏನೂ ಆಗಲ್ಲ" ಎಂದರು. ಆ ದನಿಯಲ್ಲಿ ಗಾಬರಿಯೇ ಇರಲಿಲ್ಲ. ನಾನು ಹತ್ತಲಿಲ್ಲ. ಪರಿಚಯದ ರೈತರೊಬ್ಬರ ತೋಟದ ಅಂಗಳಕ್ಕೆ ನಾನು ಮುಂದೆ ಮುಂದೆ ನಡೆಯುತ್ತ, ಮೇಷ್ಟ್ರು ನನ್ನ ಕೆಂಪು ಸೀರೆ ನೋಡಿಕೊಂಡು ಹಿಂದೆ ಹಿಂದೆ ಬರುತ್ತ, ಕಾರನ್ನು ಸೇರಿಸಿದೆವು. ಬಸ್ಸಿನಲ್ಲಿ ಹೋದೆವು. 

ಸಂಜೆ ಅಕ್ಕನ ಮನೆಗೆ ಹೋದೆ, ಜಗಳಕ್ಕೇ ಹೋದೆ. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

ಮೇಷ್ಟ್ರಿಗೆ ಕಣ್ಣಿನ ಅಂಚುಗಳು ಹೋಗುತ್ತಿವೆ. ಬೆಂಗಳೂರಿನ ಡಾಕ್ಟರು ಹೇಳಿ ವರ್ಷಗಳಾಗಿವೆ. ಮೊದಲು ಸಂಜೆಗತ್ತಲ ನೋಟ ಹೋಯಿತು. ಆಮೇಲೆ ಪಕ್ಕದ ನೋಟ. ಈಗ ಕೊಳವೆಯೊಳಗಿಂದ ನೋಡಿದಂತೆ ಎದುರಿಗಿನ ಸ್ವಲ್ಪ ಜಾಗ ಮಾತ್ರ. ಅದೂ ನಿಲ್ಲುವುದಿಲ್ಲ, ಮದ್ದೂ ಇಲ್ಲ. ಅಕ್ಕ ಇದನ್ನು ಹೇಳುತ್ತಿದ್ದಂತೆ ಆ ಕಾರಿನ ಪುರಾಣ ಪೂರ್ತಿ ನನ್ನ ತಲೆಯಲ್ಲಿ ತಿರುವುಮುರುವಾಯಿತು. ಮಂಕು ಲೈಟು ಸಾಲದೆ ಹೋದಾಗ ಎರಡನೆಯದು. ರಿವರ್ಸ್ ತೆಗೆಯುವಾಗ ಕಾಂಪೌಂಡಿನ ಕಂಬಕ್ಕೆ ಗುದ್ದಿದ ಮೇಲೆ ಮೂರನೆಯದು. ಎಡಗಡೆ ಬಂದ ಸೈಕಲಿನವನು ಚರಂಡಿಗೆ ಹಾರಿ ಬದುಕಿದ ಮೇಲೆ ನಾಲ್ಕನೆಯದು. ಒಂದೊಂದು ಮಾಡೆಲನ್ನೂ ಆರಿಸಿದವರು ಅಕ್ಕ. ಗಂಡನ ಕಣ್ಣು ಎಷ್ಟು ಕಳೆದುಕೊಂಡಿತೋ ಅಷ್ಟನ್ನು ಕಾರಿನಲ್ಲಿ ಹುಡುಕಿ ತಂದಿದ್ದರು.

"ಅವರಿಗೆ ಕೈ ಕಾಲು ನೆಟ್ಟಗೈತೆ. ನಂಗೆ ಕಣ್ಣೈತೆ. ಕಾರಿಗೆ ಬ್ರೇಕೈತೆ," ಎಂದರು ಅಕ್ಕ. "ಮೂರೂ ಸೇರಿದ್ರೆ ಒಬ್ಬ ಡ್ರೈವರ್ ಆಗಲ್ವಾ? ಇಷ್ಟು ವರ್ಷ ಆಗಿಲ್ವಾ?"

"ಇವತ್ತು ಆ ಹುಡುಗಿ ಸತ್ತಿದ್ರೆ?"

"ಇವತ್ತು ನಾನಿರಲಿಲ್ಲವಲ್ಲ ಕಣಮ್ಮ."

"ನೀವೇ ಓಡ್ಸೋದು ಕಲೀರಿ ಅಕ್ಕ. ನಿಮ್ಮಷ್ಟು ರಸ್ತೆ ಗೊತ್ತಿರೋರು ಯಾರವ್ರೆ?"

ಅಕ್ಕ ಒಲೆಯ ಮೇಲಿನ ಹಾಲು ಇಳಿಸಿದರು. ಒಂದು ಸಲ ಕಲಿಯಲು ಶುರುಮಾಡಿದ್ದರಂತೆ. ಊರಾಚೆಯ ಬಯಲಿಗೆ ಹೋಗಿ, ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡು ಸುತ್ತು ಹಾಕಿದ್ದರು. ಚೆನ್ನಾಗೇ ಬಂತು. ಮನೆಗೆ ಬಂದ ಮೇಲೆ ಮೇಷ್ಟ್ರು ಕೀಯನ್ನು ದೇವರ ಮುಂದಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು. ಊಟಕ್ಕೂ ಏಳಲಿಲ್ಲ, ಗ್ರೌಂಡಿಗೂ ಹೋಗಲಿಲ್ಲ. ಹೀಗೆ ದಿನಗಟ್ಟಲೆ.

"ನಾನು ಸ್ಟೀರಿಂಗ್ ಹಿಡಿದ ದಿನವೇ ಅವರು ಮುದುಕರಾಗಿಬಿಟ್ರು ಕಣಮ್ಮ. ನೋಡೋಕಾಗಲಿಲ್ಲ. ನಾನೇ ಕೀ ತಗೊಂಡೋಗಿ ಅವರ ಕೈಗೆ ಕೊಟ್ಟೆ. ಇನ್ನು ಒಂದು ವರ್ಷ. ರಿಟೈರ್ ಆದ ಮೇಲೆ ಮಾರಿಬಿಡ್ತೀವಿ."

ನನಗೆ ಉರಿದುಹೋಯಿತು. ಯಾರದ್ದೋ ಮಗಳ ಪ್ರಾಣಕ್ಕಿಂತ ದೊಡ್ಡದಾ ನಿಮ್ಮ ಯಜಮಾನರ ಗಂಡಸುತನ ಎಂದು ಮುಖದ ಮೇಲೇ ಕೇಳಿದೆ. ಅಕ್ಕ ಅತ್ತರು. ಅತ್ತು, ಮುಖ ಒರೆಸಿಕೊಂಡು, ನನಗೆ ಕಾಫಿ ಕೊಟ್ಟರು. ಮಾತು ಮಾತ್ರ ಬದಲಿಸಲಿಲ್ಲ. ಅವರ ಪ್ರೀತಿ ಅಷ್ಟು ಗಟ್ಟಿ ಇತ್ತು, ಅಷ್ಟೇ ಕುರುಡೂ ಆಗಿತ್ತು. ಇವತ್ತಿಗೂ ಅವರನ್ನು ನೆನೆದರೆ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ದುಃಖ.

ನಾನು ಮರುದಿನದಿಂದ ಬಸ್ಸಿಗೆ ಹೋಗತೊಡಗಿದೆ. ಹೇಳಬೇಕಾದವರಿಗೆಲ್ಲ ಹೇಳಿದೆ. ಹೆಡ್‌ಮೇಷ್ಟ್ರು ನಂಬಲಿಲ್ಲ. "ಕೋಲಾರದಿಂದ ದಿನಾ ಗಾಡಿ ಓಡಿಸ್ಕೊಂಡು ಬರ್ತಾರಲ್ಲ ಮೇಡಂ, ಕಣ್ಣು ಕಾಣದೋರು ಹೆಂಗೆ ಬರ್ತಾರೆ?" ಎಂದು ನನ್ನನ್ನೇ ಕೇಳಿದರು. ಟೇಕಲ್ಲಿನಲ್ಲಿ ಮೇಷ್ಟ್ರ ತಮ್ಮ ಇದ್ದರು. ಅವರಿಗೂ ಫೋನ್ ಮಾಡಿದೆ. "ಅಣ್ಣನಿಗೆ ಬುದ್ಧಿ ಹೇಳೋಷ್ಟು ದೊಡ್ಡೋನಾ ಮೇಡಂ ನಾನು? ಅತ್ತಿಗೆ ಪಕ್ಕದಲ್ಲಿ ಇರ್ತಾರಲ್ಲ ಬಿಡಿ" ಎಂದರು. ಎಲ್ಲರಿಗೂ ಅಕ್ಕನ ಮೇಲೆ ಅಷ್ಟು ಭರವಸೆ.

ಅಕ್ಕ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಊಟದ ಹೊತ್ತಿಗೆ ಎಂದಿನಂತೆ ಬರುತ್ತಿದ್ದರು. ಹೊಸ ಕಾರಿನ ಸುದ್ದಿ ಹೇಳುತ್ತಿದ್ದರು. ಹೆದ್ದಾರಿಯಲ್ಲಿ ಅದು ಗೆರೆ ಬಿಟ್ಟು ಕದಲುವುದಿಲ್ಲವಂತೆ. ಮುಳಬಾಗಿಲಿನವರೆಗೆ ತನಗೆ ಕೆಲಸವೇ ಇಲ್ಲವಂತೆ. ಹೇಳುವಾಗ ನಗುತ್ತಿದ್ದರು, ನಗುವಿನ ಹಿಂದೆ ಏನೋ ಚುಚ್ಚುತ್ತಿತ್ತು. ಒಂದು ದಿನ ಬಾಯಿಬಿಟ್ಟರು.

"ಈಗ ನಾನು ಹೇಳೋಕಿಂತ ಮುಂಚೆ ಅದೇ ಕಿರ್ ಅಂತದೆ. ನಂಗೆ ಕಾಣೋಕಿಂತ ಮುಂಚೆ ಅದಕ್ಕೆ ಕಾಣ್ತದೆ. ಇವರು ನಗ್ತಾರೆ. 'ಏನೇ, ನನಗಿಂತ ಮುಂಚೆ ನಿಂಗೇ ರಿಟೈರ್‌ಮೆಂಟ್ ಆಯ್ತಲ್ಲೇ' ಅಂತಾರೆ. ಹೊಟ್ಟೆ ಉರೀತದೆ ಕಣಮ್ಮ. ಒಂದು ಡಬ್ಬದ ಮೇಲೆ ಹೊಟ್ಟೆಕಿಚ್ಚು ಪಡೋ ಹಂಗಾಯ್ತು ನನ್ನ ಬಾಳು."

"ನೀವು ಹೇಳೋದು ನಿಲ್ಲಿಸಬೇಡಿ ಅಕ್ಕ."

"ಹೇಳ್ತೀನಿ. ಆದ್ರೆ ಎರಡು ಸಲ ನಾನು ಸುಮ್ಸುಮ್ನೆ ಹೆದರಿ ಕೂಗಿಬಿಟ್ಟೆ, ಅಲ್ಲೇನೂ ಇರಲಿಲ್ಲ. ಅವತ್ತಿಂದ ನಾನು ಏನಾದ್ರೂ ಅಂದ್ರೆ, 'ತಾಳೇ, ಅದು ಹೇಳ್ಲಿ' ಅಂತಾರೆ."

ಅದಾದ ಕೆಲವು ದಿನಗಳ ಮೇಲೆ ಬೆಳಿಗ್ಗೆ ನಾನು ಬಸ್ಸಿಳಿದು ಸ್ಕೂಲಿನ ಗೇಟಿನ ಹತ್ತಿರ ನಿಂತಿದ್ದಾಗ ಅವರ ಕಾರು ಬಂತು. ಮಕ್ಕಳು ಗುಂಪು ಗುಂಪಾಗಿ ರಸ್ತೆ ದಾಟುತ್ತಿದ್ದರು. ಕಾರು ತಾನೇ ನಿಂತು, ತಾನೇ ಕೂಗಿ, ಮೆಲ್ಲಗೆ ಒಳಗೆ ಬಂತು. ಗಾಜಿನೊಳಗೆ ನೋಡಿದೆ. ಅಕ್ಕ ಸೀಟಿಗೆ ಒರಗಿ ಕೂತಿದ್ದರು. ಕಣ್ಣು ರಸ್ತೆಯ ಮೇಲಿರಲಿಲ್ಲ, ಮಡಿಲಲ್ಲಿದ್ದ ತಮ್ಮ ಕೈಗಳ ಮೇಲಿತ್ತು. ಅವರು ಒರಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಷ್ಟ್ರು ಆರಾಮವಾಗಿ ಸಿಳ್ಳೆ ಹಾಕುತ್ತಿದ್ದರು.  ಆ ದಿನ ನನಗೆ ಪಾಠ ಮಾಡಲು ಆಗಲಿಲ್ಲ.

ಟೇಕಲ್ಲಿನಲ್ಲಿ ಮೇಷ್ಟ್ರ ತಮ್ಮನ ಮೊಮ್ಮಗುವಿಗೆ ನಾಮಕರಣ. ಭಾನುವಾರ ಬೆಳಿಗ್ಗೆ ಹೊರಟರು. ನಾನು ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದೆ. ಅಕ್ಕ ಮಾವಿನ ಹಣ್ಣಿನ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. "ಬಾರಮ್ಮ, ಜಾಗ ಐತೆ" ಎಂದು ಕರೆದರು. ನಾನು ಬರಲ್ಲ ಎಂದೆ, ನೀವೂ ಬಸ್ಸಲ್ಲಿ ಹೋಗಿ ಎಂದೆ. "ರೇಷ್ಮೆ ಸೀರೇಲಿ ಬಸ್ಸಾ?" ಎಂದು ನಕ್ಕು ಹತ್ತಿದರು. ಬೀದಿಯ ಕೊನೆಯಲ್ಲಿ ಕಾರು ಚೆಂದವಾಗಿ, ಎಲ್ಲೂ ತಾಗದೆ, ತಿರುಗಿಕೊಂಡು ಹೋಯಿತು.

ಕೋಲಾರದಿಂದ ಟೇಕಲ್ಲಿಗೆ ಹೋಗುವ ದಾರಿಯಲ್ಲಿ ನೀಲಗಿರಿ ತೋಪುಗಳಿವೆ. ಟೊಮೆಟೊ ಗಿಡಕ್ಕೆ ಊರಲು ಬೇಕಾದ ಕೋಲುಗಳನ್ನು ಅಲ್ಲಿಂದಲೇ ಕಡಿದು ಟ್ರ್ಯಾಕ್ಟರಿನಲ್ಲಿ ಸಾಗಿಸುತ್ತಾರೆ. ಟ್ರೇಲರಿಗಿಂತ ಕೋಲು ಉದ್ದ. ಹಿಂದಕ್ಕೆ ಚಾಚಿಕೊಂಡಿರುತ್ತವೆ, ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೆ ಕಟ್ಟಿದರು, ಇಲ್ಲದಿದ್ದರೆ ಇಲ್ಲ. ನಮ್ಮ ಕಡೆಯವರಿಗೆ ಇದು ದಿನದ ನೋಟ. ಅಂಥ ಒಂದು ಟ್ರ್ಯಾಕ್ಟರ್ ಟೈರು ಕೆಟ್ಟು ರಸ್ತೆಯ ಎಡಕ್ಕೆ ನಿಂತಿತ್ತು. ಗಾಜಿನ ಮೇಲಿದ್ದ ಆ ಕ್ಯಾಮೆರಾಗೆ ಟ್ರೇಲರ್ ಕಾಣುವಷ್ಟರಲ್ಲಿ ಕೋಲಿನ ತುದಿಗಳು ಕಾರನ್ನು ಮುಟ್ಟಿದ್ದವು. ಅವು ನುಗ್ಗಿದ್ದು ಎಡಗಡೆಯ ಗಾಜಿಗೆ. ಮೇಷ್ಟ್ರಿಗೆ ಕೈಯ ಮೇಲೆ ತರಚು ಗಾಯ ಬಿಟ್ಟರೆ ಏನೂ ಆಗಲಿಲ್ಲ.

ಟೇಕಲ್ಲಿಗೆ ನಾನು ಹೋದದ್ದು ಕಾರ್ಯಗಳೆಲ್ಲ ಮುಗಿದ ಮೇಲೆ. ಮೇಷ್ಟ್ರು ತಮ್ಮನ ಮನೆಯ ಜಗಲಿಯ ಮೇಲೆ ಕೂತಿದ್ದರು. ಮುಂದೆ ಬೆಟ್ಟ, ಅದನ್ನು ನೋಡುತ್ತಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಆ ವಾಲಿಬಾಲಿನ ಭುಜಗಳು ಇಳಿದುಹೋಗಿದ್ದವು. ನಾನು ಬಂದೆ ಎಂದೆ. ದನಿಯ ಕಡೆ ತಿರುಗಿ, ಕೂರಲು ಜಾಗ ತೋರಿಸಿದರು.  ಅವರ ಮೇಲಿನ ಸಿಟ್ಟು ಹೊತ್ತುಕೊಂಡೇ ಹೋಗಿದ್ದೆ. ಅಲ್ಲಿ ಅದನ್ನು ಇಡಲು ಜಾಗ ಸಿಗಲಿಲ್ಲ. ತಮ್ಮನ ಸೊಸೆ ನೀರು ತಂದಿಟ್ಟು ಒಳಗೆ ಹೋದಳು.

"ಅವಳಿಗೆ ಕಂಡಿರಲಿಲ್ಲ, ಅದಕ್ಕೇ ಹೇಳಲಿಲ್ಲ ಅಂತ ಜನ ಅಂತಾವ್ರೆ ಮೇಡಂ," ಎಂದರು ಮೇಷ್ಟ್ರು. "ಪೊಲೀಸರೂ ಹಂಗೇ ಬರ್ಕೊಂಡ್ರು."

ನಾನು ನೀರಿನ ಲೋಟ ಎತ್ತಿಕೊಂಡೆ.

"ಅವಳು ಹೇಳಿದ್ಲು. ದೂರದಿಂದಲೇ ಹೇಳಿದ್ಲು. ಮೊದಲು ಕನ್ನಡದಲ್ಲಿ ಅಂದ್ಲು. ಆಮೇಲೆ ತೆಲುಗಿನಲ್ಲಿ 'ನಿಲ್ಪಂಡಿ, ನಿಲ್ಪಂಡಿ' ಅಂದ್ಲು. ನಂಗೆ ಚೆನ್ನಾಗಿ ಕೇಳಿಸ್ತು ಮೇಡಂ. ಕಾಲೂ ಬ್ರೇಕ್ ಮೇಲೇ ಇತ್ತು."

ಅವರ ಬಲಗಾಲು ನೆಲದ ಮೇಲೆ ಒಂದಿಷ್ಟು ಕದಲಿತು.

"ಕಾರು ಇನ್ನೂ ಏನೂ ಹೇಳಿಲ್ವಲ್ಲ ಅಂತ ನೋಡ್ತಿದ್ದೆ."